ಬಾಗಿಲು ಬಿಚ್ಚಿಕೊಂಡು ಹೋದ ಉಸ್ತಾ

ನವೆಂಬರ್ ಆರರಂದು ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಕೊಕಾಂಡ್ ನಗರದ ಠಾಣೆಯೊಂದಕ್ಕೆ ದೂರು ಬಂತು. ದೂರುದಾರರ ಹೆಸರು ಒಯ್‌ಸಾರಾ ಮಿರ್ಜಯೇವಾ, ವಯಸ್ಸು ಅರವತ್ತೊಂದು, ನಿವೃತ್ತ ಭೂಗೋಳ ಶಿಕ್ಷಕಿ. ಅವರನ್ನು ಕಂಡೊಡನೆ ಇನ್ಸ್‌ಪೆಕ್ಟರ್ ಹಮ್ರೊಕುಲ್ ಯಾದ್ಗಾರೊವ್ ಕುರ್ಚಿ ಬಿಟ್ಟು ಎದ್ದು ನಿಂತ. ಆರನೇ ತರಗತಿಯಲ್ಲಿ ನದಿಗಳ ಹೆಸರು ತಪ್ಪು ಹೇಳಿದ್ದಕ್ಕೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದವರು ಅವರೇ.

"ಕೂತ್ಕೋ ಹಮ್ರೋ. ಕಳ್ಳತನ ಆಗಿದೆ, ಬರ್ಕೋ."

"ಏನು ಹೋಯ್ತು ಟೀಚರ್?"

"ಬಾಗಿಲು."

"ಬಾಗಿಲು ಒಡೆದು ಏನು ತಗೊಂಡ್ರು?"

"ಒಡೀಲಿಲ್ಲ ಮಾರಾಯ. ಬಾಗಿಲನ್ನೇ ಹೊತ್ಕೊಂಡು ಹೋದ. ಆ ತೋಜಿಬೊಯ್ ಉಸ್ತಾ."

ತೋಜಿಬೊಯ್ ಉಸ್ತಾನನ್ನು ಆ ಭಾಗದಲ್ಲಿ ಅರಿಯದವರಿಲ್ಲ. ಗೋಡೆ ಕಟ್ಟುವುದರಿಂದ ಹಿಡಿದು ಮರದಲ್ಲಿ ಹೂ ಕೆತ್ತುವವರೆಗೆ ಎಲ್ಲ ಕೆಲಸ ಬಲ್ಲ ಮೇಸ್ತ್ರಿ. ಟೀಚರ ಮನೆಯ ಮುಂದಿನ ಕೋಣೆಯನ್ನು ಹೊಸದು ಮಾಡಿಕೊಡಲು ಒಪ್ಪಿಕೊಂಡಿದ್ದ. ಹಳೆಯ ಗಾರೆ ಕೆಡವಿ ಅರ್ಧ ಗೋಡೆಗೆ ಹೊಸದು ಹಾಕಿದ. ಅಕ್ಟೋಬರ್ ಹನ್ನೊಂದರಂದು, ಗೆದ್ದಲು ತಿಂದ ಒಂದು ಕೆತ್ತನೆಯ ಹೂವನ್ನು ಸರಿಮಾಡಿ ಮೂರೇ ದಿನದಲ್ಲಿ ತರುತ್ತೇನೆಂದು ಬೀದಿಬಾಗಿಲನ್ನು ಬಿಚ್ಚಿಕೊಂಡು ಹೋದ. ಆಮೇಲೆ ಆಸಾಮಿಯೂ ಇಲ್ಲ, ಬಾಗಿಲೂ ಇಲ್ಲ. ಫೋನ್ ಬಂದ್.

"ಆಸ್ಪತ್ರೆಯಲ್ಲಿ ನನ್ನ ಮಗಳಿಗೆ ಹೆರಿಗೆಯಾಗಿದೆ. ಹತ್ತನೇ ತಾರೀಕು ಮನೆಗೆ ಕಳಿಸ್ತಾರಂತೆ. ಬಾಣಂತಿ, ಹಸುಗೂಸು, ನಲವತ್ತು ದಿನ ಗಾಳಿ ತಾಗಬಾರದು. ನನ್ನ ಮನೆಗೆ ಬಾಗಿಲೇ ಇಲ್ಲ!"

ಅಷ್ಟು ಹೊತ್ತು ಬಿಗಿಯಾಗಿದ್ದ ಅವರ ದನಿ ಕೊನೆಯ ಮಾತಿಗೆ ಒಡೆಯಿತು. ಹಮ್ರೊಕುಲ್ ಎಫ್‌ಐಆರ್ ದಾಖಲಿಸಿದ. ಅವರು ಅದನ್ನು ಎರಡು ಸಲ ಓದಿ, ಒಂದು ಕಾಗುಣಿತ ತಿದ್ದಿ, ಸಹಿ ಹಾಕಿದರು.

ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಬಾಗಿಲಿದ್ದ ಜಾಗದಲ್ಲಿ ದಪ್ಪ ರಜಾಯಿ ತೂಗುತ್ತಿತ್ತು. ಒಳಗೆ ಹಾಕಿದಷ್ಟು ಗಾರೆ ಕನ್ನಡಿಯಂತೆ ನುಣುಪಾಗಿತ್ತು. ಟೀಚರ್ ಪಂಚರಿಗೂ ಪೊಲೀಸರಿಗೂ ಚಹಾ, ಕುಂಬಳಕಾಯಿ ಸೋಮ್ಸಾ ಕೊಟ್ಟರು. ಕಾನ್‌ಸ್ಟೆಬಲ್ ಮುಹಯ್ಯೋ ಬಾಯಿ ತುಂಬಿಕೊಂಡೇ ಟೇಪು ಹಿಡಿದು ಅಳತೆ ಬರೆದುಕೊಂಡಳು.

"ಸಾರ್, ಇಲ್ಲಿ ನೋಡಿ. ಅಳತೆಯ ಗುರುತು ಪೆನ್ಸಿಲಿನಲ್ಲಿಲ್ಲ, ಚಾಕುವಿನಲ್ಲಿ ಗೀರಿದ್ದಾನೆ."

"ಪೆನ್ಸಿಲ್ ಮುಗಿದಿರಬೇಕು."

ಹಾಗೆ ಹೇಳಿದನಾದರೂ ಅದು ಹಮ್ರೊಕುಲ್‌ನ ತಲೆಯಲ್ಲಿ ಕೂತುಬಿಟ್ಟಿತು. ಈ ವರ್ಷ ಉಸ್ತಾ ಇನ್ನೆಲ್ಲಿ ಕೆಲಸ ಮಾಡಿದ್ದ ಎಂದು ವಿಚಾರಿಸಿದಾಗ ಎರಡು ಮನೆ ಸಿಕ್ಕವು. ಮಾರ್ಚ್‌ನಲ್ಲಿ ಔಷಧಿ ಅಂಗಡಿಯವರ ಮನೆಯ ಜಗಲಿ. ಕಂಬದ ಕೆತ್ತನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು. ಆಗಸ್ಟ್‌ನಲ್ಲಿ ಟ್ಯಾಕ್ಸಿ ಓಡಿಸುವವನೊಬ್ಬನ ಅಡುಗೆಮನೆ. ಅಲ್ಲಿ ಕಪಾಟುಗಳಿಗೆ ಬಾಗಿಲಿರಲಿಲ್ಲ.

"ಸಿಕ್ಕಿದರೆ ನಮ್ಮ ಮನೆಗೂ ಕಳಿಸಿ ಸಾರ್," ಅಂದಳು ಟ್ಯಾಕ್ಸಿಯವನ ಹೆಂಡತಿ. "ಬೈಯೋಕಲ್ಲ. ಒಳ್ಳೇ ಮನುಷ್ಯ. ಊಟಕ್ಕೆ ಕೂತರೆ ತಟ್ಟೆ ತಡಕಾಡೋನು, ನನ್ನ ಮಕ್ಕಳು ನಗೋರು. ಅವನೂ ನಗೋನು."

ಔಷಧಿ ಅಂಗಡಿಯವರ ಗೋಡೆಯಲ್ಲಿ ಗುರುತುಗಳು ಕೂದಲೆಳೆಯಷ್ಟು ತೆಳ್ಳಗಿದ್ದವು. ಈ ಅಡುಗೆಮನೆಯಲ್ಲಿ ಇದ್ದಿಲಿನಿಂದ ಬೆರಳಗಲ ಎಳೆದಿದ್ದ. ಟೀಚರ ಮನೆಯಲ್ಲಿ ಚಾಕುವಿನ ಗೀರು. ಹಮ್ರೊಕುಲ್ ಮತ್ತೆ ಟೀಚರ ಮನೆಗೆ ಹೋಗಿ, ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲೆ ಬೆರಳಾಡಿಸಿದ. ಗೀರು ಬೆರಳಿಗೆ ಸಿಕ್ಕಿತು.

"ಮುಹಯ್ಯೋ, ಇದು ನೋಡೋಕೆ ಹಾಕಿದ ಗುರುತಲ್ಲ. ಮುಟ್ಟೋಕೆ ಹಾಕಿದ್ದು."

ಮರುದಿನ, ನವೆಂಬರ್ ಏಳರಂದು, ಮುಹಯ್ಯೋ ಪೇಟೆಯ ಕನ್ನಡಕದ ಅಂಗಡಿಗಳನ್ನು ಒಂದೊಂದಾಗಿ ಸುತ್ತಿದಳು. ನಾಲ್ಕನೆಯ ಅಂಗಡಿಯವನು ಉಸ್ತಾನ ಹೆಸರು ಹೇಳುತ್ತಿದ್ದಂತೆ ತಲೆಯಾಡಿಸಿದ.

"ಎಷ್ಟು ಸಲ ಬಂದಿದ್ದ?"

"ಮೂರು ಸಲ. ಕಡೇ ಸಲ, ಇದಕ್ಕಿಂತ ದಪ್ಪ ಗಾಜು ನನ್ನತ್ರ ಇಲ್ಲ ಉಸ್ತಾ, ಡಾಕ್ಟರನ್ನ ನೋಡು ಅಂದೆ. ಸಿಟ್ಟು ಬಂತು ಅವನಿಗೆ."

"ಯಾವಾಗ?"

"ಹೋದ ತಿಂಗಳು. ಜೊತೇಲಿ ಒಂದು ಬಾಗಿಲಿತ್ತು, ಕಂಬಳಿ ಸುತ್ತಿ ಅಂಗಡಿ ಮುಂದೆ ಒರಗಿಸಿದ್ದ. ಹೊರಡುವಾಗ, ಯೈಪಾನಿಗೆ ಹೋಗೋ ವ್ಯಾನ್ ಯಾವುದು, ಬೋರ್ಡ್ ಓದಿ ಹೇಳು ಅಂದ. ಅವನ ಅಕ್ಕ ಇರೋದು ಅಲ್ಲೇ."

ನವೆಂಬರ್ ಎಂಟು, ಬೆಳಿಗ್ಗೆ ಹನ್ನೊಂದೂ ನಲವತ್ತು. ಯೈಪಾನಿನಲ್ಲಿ ಉಸ್ತಾನ ಅಕ್ಕನ ಮನೆಯ ಅಂಗಳ. ಎರಡು ಮರದ ಸ್ಟ್ಯಾಂಡುಗಳ ಮೇಲೆ ಬಾಗಿಲು ಮಲಗಿತ್ತು. ಅರವತ್ತರ ಆಸುಪಾಸಿನ ಗಂಡಸೊಬ್ಬ ಅದರ ಮೇಲೆ ಬಗ್ಗಿ, ಎಡಗೈ ಹೆಬ್ಬೆರಳಿನಿಂದ ಸವರುತ್ತ, ಬಲಗೈಯಲ್ಲಿ ಉಳಿ ಆಡಿಸುತ್ತಿದ್ದ. ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿ, ಸಮವಸ್ತ್ರದಲ್ಲಿದ್ದ ಮುಹಯ್ಯೋಳ ಕಡೆಗೆ ತಿರುಗಿದ.

"ಬಂದ್ಯಾ ಅಕ್ಕಾ? ಚಹಾ ಆಯ್ತಾ?"

ಮುಹಯ್ಯೋ ಹಮ್ರೊಕುಲ್‌ನತ್ತ ನೋಡಿದಳು.

"ಪೊಲೀಸ್, ಉಸ್ತಾ," ಎಂದ ಹಮ್ರೊಕುಲ್ ಮೆಲ್ಲಗೆ.

ಆತ ಉಳಿಯನ್ನು ಕೆಳಗಿಟ್ಟು, ಎರಡೂ ಅಂಗೈಗಳನ್ನು ಬಾಗಿಲಿನ ಮೇಲೆ ಊರಿ ನಿಂತ.

"ಇದು ಯಾರ ಬಾಗಿಲು?"

"ಟೀಚರದು."

"ಮೂರು ದಿನ ಅಂದಿದ್ದೆಯಂತೆ. ನಾಲ್ಕು ವಾರ ಆಯ್ತು."

"ಎರಡು ಸಲ ಕೆಡಿಸಿದೆ ಸಾರ್. ಕೆಟ್ಟದ್ದನ್ನ ತೆಗೆದು ಹೊಸ ತುಂಡು ಕೂರಿಸಿದೆ. ಮತ್ತೆ ಕೆಟ್ಟಿತು. ಇದು ಮೂರನೇದು."

"ಫೋನ್ ಯಾಕೆ ಬಂದ್ ಮಾಡಿದೆ?"

"ಏನಂತ ಹೇಳಲಿ?"

"ಕಣ್ಣು ಎಷ್ಟು ದಿನದಿಂದ ಹೀಗಿದೆ?"

ಚಹಾ ಹಿಡಿದು ಬಂದ ಅವನ ಅಕ್ಕ ಅಲ್ಲೇ ನಿಂತುಬಿಟ್ಟಳು. "ಕಣ್ಣಾ? ಏನಾಯ್ತೋ ಕಣ್ಣಿಗೆ?" ಅಂದಳು. ಒಂದೇ ಮನೆಯಲ್ಲಿ ನಾಲ್ಕು ವಾರ ಇದ್ದು ಅವಳಿಗೂ ಹೇಳಿರಲಿಲ್ಲ.

ಹನ್ನೆರಡೂ ಐದಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಿ, ಬಾಗಿಲನ್ನು ಮುದ್ದೆಮಾಲಾಗಿ ವಶಕ್ಕೆ ತೆಗೆದುಕೊಳ್ಳಲಾಯಿತು. ಜೀಪು ಹತ್ತುವಾಗ ಮೆಟ್ಟಿಲು ಎಲ್ಲಿದೆಯೆಂದು ಕಾಲಿನಿಂದ ತಡಕಿದ ಉಸ್ತಾನ ತೋಳನ್ನು ಮುಹಯ್ಯೋ ಹಿಡಿದುಕೊಂಡಳು. ಬೇಡಿ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ.

ಗುರುತು ಹಚ್ಚಲು ಟೀಚರನ್ನು ಠಾಣೆಗೆ ಕರೆಸಿದರು. ಅವರು ಮೊದಲು ಬಾಗಿಲನ್ನು ನೋಡಿದರು, ಆಮೇಲೆ ಉಸ್ತಾನನ್ನು. ಹಮ್ರೊಕುಲ್ ಎಲ್ಲವನ್ನೂ ಹೇಳಿದ. ಟೀಚರ್ ಬಾಗಿಲಿನ ಕೆಳಸಾಲಿನ ಹೂಗಳ ಮೇಲೆ ಕೈಯಾಡಿಸುತ್ತ ಒಂದು ಹೂವಿನ ಮೇಲೆ ಬೆರಳು ನಿಲ್ಲಿಸಿದರು.

"ಐದನೇದು. ಮಿಕ್ಕವಕ್ಕಿಂತ ಸ್ವಲ್ಪ ದಪ್ಪಗಿದೆ."

ಉಸ್ತಾ ತಲೆ ತಗ್ಗಿಸಿದ. "ಹೌದು ಟೀಚರ್."

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ? ಬಾಯಿಗೂ ಪೊರೆ ಬಂದಿತ್ತಾ? ಒಂದು ತಿಂಗಳು ನಿನ್ನನ್ನ ದಿನಾ ಬೈದೆ. ಬೆಳಿಗ್ಗೆ ಎದ್ದರೆ ನಿನಗೇ ಶಾಪ. ಈಗ ಅದನ್ನೆಲ್ಲ ಹೇಗೆ ವಾಪಸ್ ತಗೊಳ್ಳಲಿ?"

"ದೂರು ಹಿಂದಕ್ಕೆ ತಗೋತೀರಾ ಟೀಚರ್?" ಹಮ್ರೊಕುಲ್ ಕೇಳಿದ. "ರಾಜಿಗೆ ಕಾನೂನಿನಲ್ಲಿ ದಾರಿಯಿದೆ."

"ಮೊದಲು ಬಾಗಿಲು ಕೂರಲಿ. ಆಮೇಲೆ ನಿನ್ನ ಕಾನೂನು."

ಒಂಬತ್ತರಂದು ಮುಚ್ಚಳಿಕೆ ಬರೆಸಿಕೊಂಡು ಬಾಗಿಲನ್ನು ಅವರ ವಶಕ್ಕೆ ಕೊಟ್ಟರು. ಕೂರಿಸಿದವನು ಆರೋಪಿಯೇ. ಇಬ್ಬರು ನೆರೆಯವರು ಬಾಗಿಲು ಎತ್ತಿ ಹಿಡಿದರು, ಮುಹಯ್ಯೋ ರಸಮಟ್ಟ ನೋಡಿ "ಎಡಕ್ಕೆ, ಇನ್ನೂ ಚೂರು, ಸಾಕು ಉಸ್ತಾ" ಎಂದು ಹೇಳುತ್ತ ಹೋದಳು. ಉಸ್ತಾ ಚೌಕಟ್ಟಿನ ಸಂದಿಯ ಉದ್ದಕ್ಕೂ ಅಂಗೈ ಹಿಡಿದು, ಗಾಳಿ ಎಲ್ಲಿ ನುಗ್ಗುತ್ತದೆಂದು ನೋಡಿದ. ಎರಡು ಕಡೆ ನುಗ್ಗುತ್ತಿತ್ತು. ಬಿಚ್ಚಿ, ತೇದು, ಮತ್ತೆ ಕೂರಿಸಿದ. ಮೂರನೆಯ ಸಲ ಅಂಗೈಗೆ ಏನೂ ತಾಗಲಿಲ್ಲ.

ಹತ್ತನೇ ತಾರೀಕು ಬಾಣಂತಿ ಮನೆಗೆ ಬಂದಳು. ಅದೇ ದಿನ ಟೀಚರ್ ರಾಜಿಪತ್ರಕ್ಕೆ ಸಹಿ ಹಾಕಿದರು. ಠಾಣೆಯ ಜೀಪು ಉಸ್ತಾನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಿತು. ಪೊರೆ ಬಲಿತಿದೆ, ಒಂದು ಕಣ್ಣು ಖಂಡಿತ ಉಳಿಯುತ್ತದೆ, ಇನ್ನೊಂದನ್ನು ಈಗಲೇ ಹೇಳಲಾಗದು ಎಂದರು ಡಾಕ್ಟರು.

ಕಡತ ಮುಗಿಸುವ ಮುನ್ನ ಹಮ್ರೊಕುಲ್ ಆರೋಪಿಯ ಹೇಳಿಕೆಯನ್ನು ಇನ್ನೊಮ್ಮೆ ಓದಿದ. ಕೃತ್ಯಕ್ಕೆ ಕಾರಣವೇನೆಂಬ ಪ್ರಶ್ನೆಗೆ ಉಸ್ತಾ ಹೇಳಿದ್ದನ್ನು ಮುಹಯ್ಯೋ ಒಂದಕ್ಷರ ಬದಲಿಸದೆ ಬರೆದುಕೊಂಡಿದ್ದಳು:

"ಕೆಲಸ ಬಿಟ್ಟು ಓಡಿಹೋದ ಅಂದರೆ ಜನ ಬೈತಾರೆ, ಅಷ್ಟೇ. ಕಣ್ಣು ಕಾಣಲ್ಲ ಅಂತ ಗೊತ್ತಾದರೆ ಅಯ್ಯೋ ಪಾಪ ಅಂತಾರೆ, ಮತ್ತೆ ಯಾರೂ ಕರೆಯಲ್ಲ. ಬೈಸಿಕೊಳ್ಳೋದೇ ವಾಸಿ ಅನ್ನಿಸಿತು."