ಒಬ್ಬನಿಗೆ ಮಾತ್ರ ಗೊತ್ತಿದ್ದ ಭಯ

"ಕೆಳಗೆ ನೋಡಬೇಡಿ... ನನ್ನ ಕಡೆನೂ ನೋಡಬೇಡಿ. ಎದುರಿಗಿರೋ ಕಂಬಿ ನೋಡಿ."

ಆ ದನಿ ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ಕ್ರೇನ್ ನಡೆಸಲು ಕಲಿಯಬಂದ ತರಬೇತಿ ಶಾಲೆಯ ಮೊದಲ ದಿನ. ಎಲ್ಲರೂ ಊಟಕ್ಕೆ ಹೋದಾಗ ಒಬ್ಬಳೇ ಕ್ರೇನ್ ಹತ್ತಲು ಹೋಗಿ, ಏಣಿಯ ನಟ್ಟನಡುವೆ ಕೈಕಾಲು ಮರಗಟ್ಟಿ ನಿಂತಿದ್ದಳು.

ವೆಲ್ಡಿಂಗ್ ವಿಭಾಗದ ಹುಡುಗ ಹತ್ತಿ ಬಂದು, ಒಂದೊಂದೇ ಮೆಟ್ಟಿಲು ಹೇಳುತ್ತಾ ಇಳಿಸಿದ. ನೆಲ ಮುಟ್ಟಿದ ಮೇಲೆ ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಯಾರಿಗೂ ಹೇಳಬೇಡಿ."

"ಏನನ್ನ? ನಾನೇನೂ ನೋಡಲೇ ಇಲ್ಲವಲ್ಲ," ಎಂದು ನಕ್ಕ.

ಅವಳು ಸೋತಿದ್ದು ಆ ನಗುವಿಗೇ.

ಎಂಟು ತಿಂಗಳಲ್ಲಿ ಇಬ್ಬರ ನಡುವೆ 'ನೀವು' ಹೋಗಿ 'ನೀನು' ಬಂತು. ಅವಳು ಕ್ಯಾಬಿನ್ನಿನಲ್ಲಿ ಕುಳಿತರೆ ಹತ್ತು ಟನ್ ಕಬ್ಬಿಣ ಮಗುವಿನ ಹಾಗೆ ಮಾತು ಕೇಳುತ್ತಿತ್ತು. ಬಂದರಿನ ಕ್ರೇನ್ ಕೆಲಸದ ಅರ್ಜಿಗೆ, ಕಲಿಸಿದ ಮೇಷ್ಟ್ರ ಸಹಿಯೊಂದೇ ಬಾಕಿ.

ಮೇಷ್ಟ್ರು ಅರ್ಜಿಯನ್ನು ಹಿಂದಕ್ಕೆ ಸರಿಸಿದರು.

"ಇದು ನಿನಗೆ ಬೇಡಮ್ಮ. ಆಫೀಸಿನಲ್ಲಿ ಒಂದು ಜಾಗ ಇದೆ, ನಾನೇ ಹೇಳಿ ಕೊಡಿಸ್ತೀನಿ. ನೆರಳಲ್ಲಿ ಕೂತು ಮಾಡೋ ಕೆಲಸ."

"ನನ್ನ ಕೆಲಸದಲ್ಲಿ ಏನು ತಪ್ಪು ಕಂಡಿರಿ ಸಾರ್?"

"ಕೆಲಸದಲ್ಲಲ್ಲ. ಮೊದಲ ದಿನ ಏಣಿ ಮೇಲೆ ಸಿಕ್ಕಿಹಾಕಿಕೊಂಡು, ಇಳಿದು ಅತ್ತುಬಿಟ್ಟೆಯಂತೆ. ಅಂಥ ಭಯ ಯಾವತ್ತಾದರೂ ತಿರುಗಿ ಬರುತ್ತೆ."

ಅವಳಿಗೆ ನಿಂತ ನೆಲವೇ ಕುಸಿದಂತಾಯಿತು. ಆ ವಿಷಯ ಗೊತ್ತಿದ್ದುದು ಇಬ್ಬರಿಗೇ. ಒಬ್ಬಳು ತಾನು. ಇನ್ನೊಬ್ಬ...

ವೆಲ್ಡಿಂಗ್ ಶೆಡ್ಡಿಗೆ ನಡೆದಳು. "ನೀನಾ ಹೇಳಿದ್ದು?"

ಅವನು ತಲೆ ತಗ್ಗಿಸಿದ. "ಹೂಂ. ನಮ್ಮಣ್ಣ ಎತ್ತರದಿಂದ ಬಿದ್ದೇ ತೀರಿಕೊಂಡಿದ್ದು. ನೀನು ಮೇಲಿರೋವಷ್ಟು ಹೊತ್ತೂ ಜೀವ ಕೈಯಲ್ಲಿ ಹಿಡಕೊಂಡಿರ್ತೀನಿ."

"ಅದನ್ನ ನನಗೆ ಹೇಳಬೇಕಿತ್ತು. ನಾನು ಜಗಳ ಆಡ್ತಿದ್ದೆ, ಅಷ್ಟೇ. ನನ್ನ ಭಯ ತಗೊಂಡು ಹೋಗಿ ಮೇಷ್ಟ್ರ ಕೈಗೆ ಕೊಟ್ಟೆಯಲ್ಲ..." ಅವಳು ಹೊರಡಲು ತಿರುಗಿದಳು. "ನಂಬಿಸಿ ಕತ್ತು ಕೊಯ್ಯೋದು ಅಂದರೆ ಇದೇ."

ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅಮ್ಮ ಒಂದೇ ಮಾತು ಕೇಳಿದಳು. "ಮೇಷ್ಟ್ರು ಸಹಿ ಹಾಕಲಿಲ್ಲ ಅಂತ ಅಳ್ತಿದ್ದೀಯೋ, ಅವನು ಹೇಳಿಬಿಟ್ಟ ಅಂತಲೋ?"

"ಅವನು ಹೇಳಿಬಿಟ್ಟ ಅಂತ..."

"ಹಾಗಾದರೆ ಮೇಷ್ಟ್ರಿಗೆ ಉತ್ತರ ಕೊಡೋದು ಸುಲಭ. ನಾಳೆ ಅದನ್ನೇ ಮೊದಲು ಮಾಡು."

ಮರುದಿನ ಅವಳು ಮೇಷ್ಟ್ರ ಮುಂದೆ ನಿಂತಳು. "ಅತ್ತಿದ್ದು ನಿಜ ಸಾರ್. ಮಾರನೇ ದಿನವೇ ಹತ್ತಿದ್ದೂ ನಿಜ. ಎಂಟು ತಿಂಗಳು ಕಣ್ಣಾರೆ ಕಂಡಿದ್ದು ದೊಡ್ಡದೋ, ಕಿವಿಗೆ ಬಿದ್ದಿದ್ದೋ? ಪರೀಕ್ಷೆ ಮಾಡಿ ನೋಡಿ."

ಮೇಷ್ಟ್ರು ಅಂಗಳಕ್ಕೆ ಬಂದರು. ಅವಳು ಸರಸರನೆ ಕ್ರೇನ್ ಹತ್ತಿ ಕುಳಿತಳು. ಅಷ್ಟರಲ್ಲಿ ಗಾಳಿ ಎದ್ದಿತು.

"ಎತ್ತು," ಎಂದು ವಾಕಿ-ಟಾಕಿಯಲ್ಲಿ ಮೇಷ್ಟ್ರ ದನಿ.

"ಈ ಗಾಳಿಗೆ ಎತ್ತಲ್ಲ ಸಾರ್."

"ಹೆದರಿಕೆಯಾ?"

"ಹೌದು. ಕೆಳಗೆ ಜನ ಇದ್ದಾರೆ."

ಗಾಳಿ ನಿಂತ ಮೇಲೆ ಅವಳು ಕೆಳಗಿದ್ದ ಕಬ್ಬಿಣದ ತೊಲೆಯನ್ನು ಎತ್ತಿ, ಗುರುತು ಮಾಡಿದ ಜಾಗದಲ್ಲಿ ಸದ್ದಿಲ್ಲದೆ ಇಳಿಸಿದಳು.

ಮೇಷ್ಟ್ರು ಸಹಿ ಹಾಕಿದರು. "ಇಷ್ಟು ವರ್ಷ ಹೆದರಿಕೆ ಇಲ್ಲದವರಿಗೇ ಸಹಿ ಹಾಕಿಬಿಟ್ಟೆನೇನೋ..."

ಕೆಲಸ ಸಿಕ್ಕಿತು. ಆದರೂ ಎದೆಯ ಮುಳ್ಳು ಹಾಗೇ ಇತ್ತು. ಎರಡು ತಿಂಗಳು ಅವಳು ಅವನ ಫೋನ್ ಎತ್ತಲಿಲ್ಲ. ಒಂದು ಸಂಜೆ ಬಂದರಿನ ಗೇಟಿನ ಬಳಿ ಅವನೇ ನಿಂತಿದ್ದ.

"ಮೇಷ್ಟ್ರ ಹತ್ತಿರ ಹೋಗಿದ್ದೆ. ಭಯ ಅವಳದ್ದಲ್ಲ, ನನ್ನದು ಅಂತ ಹೇಳಿಬಂದೆ."

"ಮೇಷ್ಟ್ರಿಗೆ ಹೇಳೋದು ಅಂದರೆ ನಿನಗೆ ಬಹಳ ಇಷ್ಟ, ಅಲ್ವಾ?"

ಅವನ ಮುಖ ಚಿಕ್ಕದಾಯಿತು. "ಅದಕ್ಕೇ ಇವತ್ತು ನಿನಗೇ ಹೇಳೋಕೆ ಬಂದೆ. ನೀನಂದರೆ ನನಗೆ ಪ್ರಾಣ. ನಾಳೆನೂ ಹೆದರ್ತೀನಿ... ಆದರೆ ತಡೆಯಲ್ಲ."

ಅವಳು ಅವನ ಕೈ ಹಿಡಿದುಕೊಂಡಳು.

"ಇನ್ನೂ ಕ್ಷಮಿಸಿಲ್ಲ."

"ಗೊತ್ತು."

"ಮನೆವರೆಗೂ ಬಾ. ದಾರೀಲಿ ನಿಮ್ಮಣ್ಣನ ವಿಷಯ ಹೇಳು... ಹೇಗಿದ್ದರು ಅಂತ."