ಮಿತಿ ನಲವತ್ತು

ಹನ್ನೊಂದನೇ ತಾರೀಖು ಬೆಳಗ್ಗೆ ೯.೨೦ಕ್ಕೆ ಹೆಣ್ಣುಮಗಳೊಬ್ಬಳು ಠಾಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ತಂದೆ ಲಿಫ್ಟ್ ಮೆಕ್ಯಾನಿಕ್. ಎದೆನೋವೆಂದು ಆಸ್ಪತ್ರೆ ಸೇರಿದ್ದ ಅವರು ಒಂಬತ್ತರಂದು ಬೆಳಗ್ಗೆ ತೀರಿಕೊಂಡಿದ್ದರು.

"ಶಾಕ್ ಕೊಡೋ ಮೆಷಿನ್ ಪಕ್ಕದಲ್ಲೇ ಇತ್ತು ಸಾರ್. ಪರದೆ ಮೇಲೆ ಮೂವತ್ತೊಂದು ಅಂತ ಬರ್ತಿತ್ತು. ದೊಡ್ಡ ಡಾಕ್ಟರು 'ಇನ್ನೂ ಇಲ್ಲ, ಇನ್ನೂ ಇಲ್ಲ' ಅಂತ ಹದಿನಾಲ್ಕು ನಿಮಿಷ ಬರೀ ಎದೆ ಒತ್ತಿಸಿದ್ರು."

"ದೇಹ?"

"ಶವಾಗಾರದಲ್ಲಿದೆ. ಸಹಜ ಸಾವು ಅಂತ ಸಹಿ ಹಾಕಿ ತಗೊಂಡ್ಹೋಗಿ ಅಂತಾರೆ. ನಾನು ಹಾಕಲ್ಲ."

ಠಾಣೆಯವರು ಇನ್‌ಸ್ಪೆಕ್ಟರಿಗೆ ಇಟ್ಟ ಅಡ್ಡಹೆಸರು ಬೆಂಕಿಪೊಟ್ಟಣ. ಆ ದಿನ ಯಾರೂ ಗೀರುವ ಅಗತ್ಯ ಬೀಳಲಿಲ್ಲ. ೯.೫೦ಕ್ಕೆ ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯಲ್ಲಿ ಆ ದೊಡ್ಡ ಡಾಕ್ಟರು, ಹೃದ್ರೋಗ ವಿಭಾಗದ ಮುಖ್ಯಸ್ಥ, ಮಗುವಿಗೆ ಪಾಠ ಹೇಳುವ ಧಾಟಿಯಲ್ಲಿ ವಿವರಿಸಿದ. "ಬಡಿತ ತಪ್ಪಿದ ಹೃದಯ ನಡುಗ್ತಾ ಇರುತ್ತೆ. ಆ ನಡುಕದ ಅಲೆ ನೋಡಿ, ಶಾಕ್ ಫಲಿಸುತ್ತೋ ಇಲ್ವೋ ಅಂತ ಮೆಷಿನ್ ಅಂಕ ಕೊಡುತ್ತೆ. ಮಿತಿ ದಾಟದಿದ್ರೆ ಎದೆ ಒತ್ತಿ ಕಾಯ್ಬೇಕು. ನನ್ನದೇ ಸಂಶೋಧನೆ."

"ಮಿತಿ ಎಷ್ಟು?"

"ಹತ್ತು. ಆಸ್ಪತ್ರೆಯ ನೀತಿ ಸಮಿತಿ ಒಪ್ಪಿದ್ದು."

"ಮೆಕ್ಯಾನಿಕ್‌ಗೆ ಮೂವತ್ತೊಂದು ಬಂದಿತ್ತಂತಲ್ಲ?"

"ಎಂಟು ಬಂದಿತ್ತು. ದುಃಖದಲ್ಲಿರೋರಿಗೆ ಏನೇನೋ ಕಾಣುತ್ತೆ."

"ಮೆಷಿನ್ ನೋಡ್ಬಹುದಾ?"

"ಅದರ ಮೆಮೊರಿ ನಾನೇನೂ ಅಳಿಸಿಲ್ಲ. ಸರ್ವೀಸಿನಲ್ಲಿ ಹೋಯ್ತು."

ಹೆಡ್ ಕಾನ್‌ಸ್ಟೆಬಲ್ ಹೊರಗೆ ಬಂದವನೇ ಗೊಣಗಿದ: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ."

ವಾರ್ಡಿನ ಹಿರಿಯ ನರ್ಸ್ ಕಪಾಟಿನಿಂದ ಉಬ್ಬಿದ ರಿಜಿಸ್ಟರೊಂದನ್ನು ತಂದಳು. ದಿನಾ ಬೆಳಗ್ಗೆ ಏಳಕ್ಕೆ ನರ್ಸುಗಳು ಯಂತ್ರವನ್ನು ಪರೀಕ್ಷಿಸುತ್ತಾರೆ. ಅದು ಉಗುಳುವ ಬೆರಳಗಲದ ಚೀಟಿಯನ್ನು ಹಾಳೆಗೆ ಅಂಟಿಸುತ್ತಾರೆ. ಬ್ಯಾಟರಿ, ತಂತಿ, ಕೊನೆಯ ಸಾಲಿನಲ್ಲಿ ಮಿತಿ. ಆರನೇ ತಾರೀಖಿನವರೆಗೆ ಹತ್ತು. ಏಳು, ಎಂಟು, ಒಂಬತ್ತರಂದು ನಲವತ್ತು. ಹತ್ತನೇ ತಾರೀಖಿನಿಂದ ಮತ್ತೆ ಹತ್ತು.

"ಸಾಹೇಬರು ಒಂದು ದಿನಾನೂ ಈ ಪರೀಕ್ಷೆ ಮಾಡಿದವರಲ್ಲ. ಇಂಥ ಚೀಟಿ ಬರುತ್ತೆ ಅಂತಾನೇ ಅವರಿಗೆ ಗೊತ್ತಿಲ್ಲ," ಎಂದ ನರ್ಸ್ ಒಂಬತ್ತರ ಚೀಟಿಯ ಮೇಲೆ ಬೆರಳಿಟ್ಟಳು. "ಮೂವತ್ತೊಂದು ನಾನೂ ನೋಡಿದೆ. 'ಮಿತಿ ದಾಟಿಲ್ಲ' ಅಂತ ಬಂತು, ಸುಮ್ಮನಾದೆ. ಚೀಟಿ ಅಂಟಿಸಿದ್ದೂ ನಾನೇ. ಓದ್ಲಿಲ್ವಲ್ಲ ಸಾರ್!"

ಮಧ್ಯಾಹ್ನ ೧.೧೫ಕ್ಕೆ ಪಂಚನಾಮೆ ಮುಗಿಸಿ ರಿಜಿಸ್ಟರ್ ವಶಪಡಿಸಿಕೊಂಡರು. ಆ ಮೂರು ದಿನಗಳಲ್ಲಿ ಇನ್ನೂ ಇಬ್ಬರು ಹೀಗೇ ಸತ್ತಿದ್ದು ಗೊತ್ತಾದಾಗ ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು.

"ಮಿತಿ ಬದಲಿಸೋ ಗುಪ್ತಸಂಖ್ಯೆ ನಿಮಗೊಬ್ಬರಿಗೇ ಗೊತ್ತು," ಎಂದು ಚೀಟಿಗಳ ಹಾಳೆಯನ್ನು ಮುಖ್ಯಸ್ಥನ ಮೇಜಿನ ಮೇಲಿಟ್ಟ. "ಯಾಕೆ?"

ಮುಖ್ಯಸ್ಥ ಹಾಳೆಯನ್ನು ಪಕ್ಕಕ್ಕೆ ಸರಿಸಿದ. "ಹೋದ ವರ್ಷ ಮೆಷಿನ್ 'ಫಲಿಸಲ್ಲ' ಅಂದ ಐದು ಜನಕ್ಕೆ ಬೇರೆ ಡಾಕ್ಟರುಗಳು ಶಾಕ್ ಕೊಟ್ರು. ಐದೂ ಜನ ಎದ್ದು ಕೂತ್ರು. ಡಾಕ್ಟರುಗಳ ಸಭೆಯಲ್ಲಿ ನನ್ನ ನೋಡಿ ನಕ್ಕರು. ಮಿತಿ ನಲವತ್ತಿಟ್ರೆ ಮೆಷಿನ್ ಮಾತು ಸುಳ್ಳಾಗಲ್ಲ. ನಲವತ್ತರ ಮೇಲಿದ್ದೋರು ಹೇಗೂ ಉಳೀತಾರೆ. ಕೆಳಗಿದ್ದೋರು..."

"ಸಾಯ್ತಾರೆ ಅಂತ ನೀವೇ ಹೇಳಿ, ಸಾಯೋಕೆ ನೀವೇ ಬಿಟ್ರೆ, ಭವಿಷ್ಯ ಸುಳ್ಳಾಗೋದು ಹೇಗ್ರೀ?" ಇನ್‌ಸ್ಪೆಕ್ಟರ್ ಮೇಜು ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು.

೪.೧೦ಕ್ಕೆ ಬಂಧನವಾಯಿತು. ಜೀಪಿನಲ್ಲಿ ಅವನು ಆಡಿದ್ದು ಒಂದೇ ಮಾತು: "ಹದಿನೆಂಟು ವರ್ಷ ಅದಕ್ಕೇ ದುಡಿದೆ. ತಪ್ಪು ಅಂತ ಹೇಗೆ ಒಪ್ಪಲಿ?" ಹಣದ ಆಸೆಯಿರಲಿಲ್ಲ, ಯಾರ ಮೇಲೂ ಹಗೆಯಿರಲಿಲ್ಲ. ನಾಲ್ಕು ಜನ ನಕ್ಕಿದ್ದನ್ನು ನುಂಗಿಕೊಳ್ಳಲಾಗದೆ ಹೋದ.

ಸಂಜೆ ಮೆಕ್ಯಾನಿಕ್‌ನ ಮಗಳು ಹೇಳಿಕೆಗೆ ಸಹಿ ಹಾಕಿದಳು.

"ಶಾಕ್ ಕೊಟ್ಟಿದ್ರೆ ಅಪ್ಪ ಉಳೀತಿದ್ರಾ ಸಾರ್?"

"ಗೊತ್ತಿಲ್ಲಮ್ಮ," ಎಂದ ಇನ್‌ಸ್ಪೆಕ್ಟರ್. "ಅದು ಗೊತ್ತಾಗೋ ದಾರೀನೇ ಅವನು ಮುಚ್ಚಿಬಿಟ್ಟ."

ಆಗ ಅವಳು ಕುರ್ಚಿ ಎಳೆದುಕೊಂಡು ಕೂತಳು.