ಸೀನು ಬರಿಸದ ಬೆಕ್ಕು

ಹೆಣ್ಣು ನೋಡಲು ಬಂದ ಹುಡುಗ ಅಳುತ್ತಿದ್ದ!

ಶರಬತ್ತಿನ ತಟ್ಟೆ ಹಿಡಿದು ಚಾವಡಿಗೆ ಬಂದ ಸಬೀಹಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಸೋಫಾದ ಅಂಚಿನಲ್ಲಿ ಕುಳಿತಿದ್ದ ಫಯಾಝ್‌ನ ಕಣ್ಣು ಕೆಂಪಾಗಿತ್ತು, ಮೂಗು ಅದಕ್ಕಿಂತ ಕೆಂಪು. ಕೈಯಲ್ಲಿದ್ದ ಕರವಸ್ತ್ರ ಒದ್ದೆಯಾಗಿತ್ತು. ಪಕ್ಕದಲ್ಲಿ ಅವನ ತಾಯಿ ಶಹರ್ಬಾನು ಮಗನ ಮುಖವನ್ನೇ ಆತಂಕದಿಂದ ನೋಡುತ್ತಿದ್ದರು.

'ಯಾರನ್ನೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆ... ಮನೆಯವರು ಎಳೆದುಕೊಂಡು ಬಂದಿದ್ದಾರೆ,' ಎಂದುಕೊಂಡಳು ಸಬೀಹಾ. ಅವಳಿಗೆ ಮೈಯೆಲ್ಲ ಉರಿಯಿತು. ಮೂಡುಬಿದಿರೆಯ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಬಂಟ್ವಾಳಕ್ಕೆ ಓಡಿ ಬಂದದ್ದು ಇದಕ್ಕಾ?

ತಟ್ಟೆ ಮುಂದೆ ಚಾಚುತ್ತ, ಅವನಿಗೆ ಮಾತ್ರ ಕೇಳುವಂತೆ ಹೇಳಿಯೇಬಿಟ್ಟಳು.

"ಇಷ್ಟ ಇಲ್ಲದಿದ್ದರೆ ಈಗಲೇ ಹೇಳಿ. ಅಳುವುದು ಬೇಡ."

ಅವನು ಬಾಯಿ ತೆರೆದ. ಮಾತಿನ ಬದಲು ಸೀನು ಬಂತು. ಒಂದರ ಹಿಂದೆ ಒಂದು... ಆಗಷ್ಟೇ ಎತ್ತಿಕೊಂಡಿದ್ದ ಲೋಟದ ಶರಬತ್ತೆಲ್ಲ ಬಿಳಿ ಅಂಗಿಯ ಮೇಲೆ ಚೆಲ್ಲಿತು.

"ಇಷ್ಟ ಉಂಟು," ಎಂದ, ನಡುವೆ ಉಸಿರು ಸಿಕ್ಕಾಗ. "ನಿಮ್ಮ ಮನೆಯಲ್ಲಿ ಬೆಕ್ಕು ಉಂಟಾ?"

ಇತ್ತು. ಅವನು ಕುಳಿತಿದ್ದ ಸೋಫಾದ ಅಡಿಯಲ್ಲೇ ಮಲಗಿತ್ತು. ಹೆಸರು ಬಂಗುಡೆ. ಸಬೀಹಾಳ ತಂದೆ ಸುಲೈಮಾನ್ ಅವರ ಒಣಮೀನಿನ ಅಂಗಡಿಯಲ್ಲಿ ಬಂಗುಡೆ ಮೀನನ್ನೇ ಕದ್ದು ತಿನ್ನುತ್ತಿದ್ದ ಮರಿಯನ್ನು ಅವಳು ತಾಯಿ ತೀರಿಹೋದ ವರ್ಷ ಮನೆಗೆ ತಂದಿದ್ದಳು. ಆ ವರ್ಷ ಅವಳು ಯಾರೊಡನೆಯೂ ಸರಿಯಾಗಿ ಮಾತನಾಡುತ್ತಿರಲಿಲ್ಲ, ಅದರೊಡನೆ ಮಾತ್ರ ಆಡುತ್ತಿದ್ದಳು. ಈಗ ಬಂಗುಡೆಗೆ ವಯಸ್ಸಾಗಿತ್ತು. ಒಂದು ಕಿವಿ ಹರಿದಿತ್ತು, ಸ್ವಭಾವವೂ ಅಷ್ಟಕ್ಕಷ್ಟೆ. ಮನೆಯಲ್ಲಿ ಅದನ್ನು ಮುದ್ದಿಸುವವಳು ಸಬೀಹಾ ಒಬ್ಬಳೇ.

ಆ ದಿನ ಎಲ್ಲರೂ ನಕ್ಕರು. ಒಳಗೆ ಹೋಗಿ ಸಬೀಹಾ ಕೂಡ ನಕ್ಕಳು. 'ಉಸಿರು ಕಟ್ಟುವಾಗಲೂ ಮೊದಲು ಇಷ್ಟ ಉಂಟು ಅಂದನಲ್ಲ...' ಎಂದು ನೆನೆದಾಗ ಅವಳ ಕೆನ್ನೆ ಬಿಸಿಯಾಯಿತು. ಹಿರಿಯರು ಸಂಬಂಧ ನಿಶ್ಚಯ ಮಾಡಿದರು. ಫಯಾಝ್ ಶಾರ್ಜಾದ ಕನ್ನಡಕದ ಅಂಗಡಿಯ ಕೆಲಸಕ್ಕೆ ಮರಳಿದ. ಮುಂದಿನ ರಜೆಗೆ ಬಂದಾಗ ನಿಕಾಹ್ ಎಂದಾಯಿತು.

ನಗು ಮುಗಿದ ಮೇಲೆ ತಲೆನೋವು ಶುರುವಾಯಿತು.

ಮದುವೆಯಾದ ಮೇಲೆ ಪುದಿಯಾಪ್ಲೆ, ಅಂದರೆ ಮದುಮಗ, ಹೆಂಡತಿಯ ಮನೆಗೆ ಬಂದು ಉಳಿಯುವುದು ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಹಿಂದಿನಿಂದ ಬಂದ ಕ್ರಮ. ಅವನಿಗೆಂದೇ ಒಂದು ಕೋಣೆಯನ್ನು ಸಿಂಗರಿಸುತ್ತಾರೆ. ಸಬೀಹಾಳ ಮನೆಯಲ್ಲಿ ಆ ಕೋಣೆಯ ಮಂಚ ಬಂಗುಡೆಯ ವಶದಲ್ಲಿತ್ತು. ಗೋಣಿಯಲ್ಲಿ ಹಾಕಿ ಪಾಣೆಮಂಗಳೂರು ಸೇತುವೆಯ ಆಚೆ ಬಿಟ್ಟು ಬರುವ ಎಂದರು ಸುಲೈಮಾನ್. ಬೆಕ್ಕು ಹೋದರೆ ನಾನೂ ಹೋಗುತ್ತೇನೆ ಎಂದಳು ಸಬೀಹಾ. ಎಲ್ಲಿಗೆ ಎಂದು ಅಜ್ಜಿ ಬೀಯಮ್ಮ ಕೇಳಿದರೆ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದಳು.

ಇನ್ನು ಫಯಾಝ್. ಅವನು ಒಳ್ಳೆಯವನು. ಅದೇ ತೊಂದರೆ! ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಪ್ರತಿ ಶುಕ್ರವಾರ ತಪ್ಪದೆ ಫೋನ್ ಮಾಡುತ್ತಿದ್ದ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಎಂದು ಅವಳು ಹೇಳಿದರೆ, ಪಾಠ ಮಾಡುವ ಕೆಲಸವನ್ನೇ ಬಿಡಬಹುದಲ್ಲ ಎನ್ನುತ್ತಿದ್ದ. ಮದುಮಗಳಿಗೆ ಕನ್ನಡಕ ಚೆಂದ ಕಾಣುವುದಿಲ್ಲ ಎಂದು ತಾಯಿ ಹೇಳಿದ್ದೇ ತಡ, ಕಣ್ಣಿಗೆ ಲೆನ್ಸ್ ಕಳುಹಿಸಿಯೇಬಿಟ್ಟ. 'ನಾನು ಕೇಳಿದೆನಾ?' ಎಂದು ಸಬೀಹಾ ಹಲ್ಲು ಕಚ್ಚಿದಳು. ಬಾಯಿಯಲ್ಲಿ ಮಾತ್ರ ಹೂಂ ಎಂದಳು.

೨೦೦೬ರ ಮಳೆಗಾಲದ ಒಂದು ಶುಕ್ರವಾರ ಅವನು ಬಹಳ ಖುಷಿಯಲ್ಲಿದ್ದ. ಪೇಪರಿನಲ್ಲಿ ಬಂದಿದೆ ಎಂದ. ಅಮೆರಿಕದ ಒಂದು ಕಂಪನಿ ಸೀನು ಬರಿಸದ ಬೆಕ್ಕನ್ನು ಕೊಡುತ್ತದಂತೆ. ಬೆಕ್ಕಿನ ಉಗುಳಿನಲ್ಲಿರುವ ಒಂದು ಪ್ರೋಟೀನಿನಿಂದಲೇ ಅವನಿಗೆ ಈ ಪಾಡು. ಅದಕ್ಕೆ ಕಾರಣವಾದ ಜೀನನ್ನೇ ಇಲ್ಲವಾಗಿಸುವ ಯೋಚನೆಯಂತೆ. ಸರತಿಯಲ್ಲಿ ಹೆಸರೂ ಬರೆಸಿ ಆಗಿತ್ತು.

"ಬಂಗುಡೆಗೆ ಬದಲಿ ಬರ್ತದೆ, ಸಬೀಹಾ. ನಿನಗೆ ಬೆಕ್ಕು, ನನಗೆ ನಿದ್ದೆ. ನಿನ್ನ ಸಮಸ್ಯೆ ಮುಗಿಯಿತು."

ಕಾಲೇಜಿನಲ್ಲಿ ಮಕ್ಕಳಿಗೆ ಜೀನಿನ ಪಾಠ ಮಾಡುವವಳ ಹತ್ತಿರ ಇದನ್ನು ಹೇಳುತ್ತಿದ್ದಾನೆ, ಪುಣ್ಯಾತ್ಮ!

"ಆ ಪ್ರೋಟೀನ್ ಬೆಕ್ಕಿಗೆ ಯಾಕೆ ಉಂಟು ಅಂತ ಅವರಿಗೆ ಗೊತ್ತುಂಟಾ?"

"ಅದು ನಮಗೆ ಯಾಕೆ?"

"ನಮಗಲ್ಲ. ಬೆಕ್ಕಿಗೆ. ಒಂದು ಮರಿ ಅವರಿಗೆ ಬೇಕಾದ ಹಾಗೆ ಹುಟ್ಟುವ ಮೊದಲು ಎಷ್ಟು ಹಾಳಾಗ್ತದೆ? ಹಾಳಾದದ್ದನ್ನು ಏನು ಮಾಡ್ತಾರೆ?"

ಫಯಾಝ್ ತಡವರಿಸಿದ. ಇದೆಲ್ಲ ಮಾಡಿದ್ದು ನಿನಗಾಗಿಯೇ ಎಂದ. ಆ ಒಂದು ಮಾತು ಸಾಕಾಯಿತು. ಇಷ್ಟು ದಿನ ಹೂಂ ಎಂದು ನುಂಗಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು.

"ಕನ್ನಡಕ ನಿಮ್ಮವರಿಗೆ ಒಗ್ಗಲಿಲ್ಲ. ಕೆಲಸ ಒಗ್ಗಲಿಲ್ಲ. ಬೆಕ್ಕು ನಿಮಗೆ ಒಗ್ಗಲಿಲ್ಲ, ಅದಕ್ಕೆ ಬೆಕ್ಕನ್ನೇ ಬೇರೆ ಮಾಡಿಸ್ತೀರಿ. ನಾಳೆ ನಾನು ಒಗ್ಗದಿದ್ದರೆ ಎಲ್ಲಿ ಹೆಸರು ಬರೆಸ್ತೀರಿ?"

ಫೋನ್ ಇಟ್ಟಳು.

ಅದರ ನಂತರದ ಶುಕ್ರವಾರಗಳಲ್ಲಿ ಫೋನ್ ಬಡಿದುಕೊಂಡಿತು, ಅವಳು ಎತ್ತಲಿಲ್ಲ. ಸುಲೈಮಾನ್ ಮಗಳಿಗೂ ಬೆಕ್ಕಿಗೂ ಸೇರಿಸಿ ಬೈದರು. ಬೆಕ್ಕು ಬೇಕಾ, ಮಗ ಬೇಕಾ ಎಂದು ತೀರ್ಮಾನ ಮಾಡಿ ಹೇಳಲಿ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಶಹರ್ಬಾನು ಹೇಳಿ ಕಳುಹಿಸಿದರು. ಫಯಾಝ್ ಕೈತಪ್ಪಿ ಹೋಗುತ್ತಾನೆ ಎಂದು ಸಬೀಹಾಳಿಗೆ ಹೆದರಿಕೆಯಾಯಿತು. ಅವನ ಧ್ವನಿ ಕೇಳದೆ ಶುಕ್ರವಾರಗಳು ಖಾಲಿ ಖಾಲಿಯಾಗಿದ್ದವು. ಆದರೆ ತಾನು ಹೇಳಿದ್ದರಲ್ಲಿ ತಪ್ಪೇನಿದೆ?

ಅದನ್ನೇ ಸ್ಟಾಫ್ ರೂಮಿನಲ್ಲಿ ಗೆಳತಿ ಗ್ರೀಷ್ಮಾಳನ್ನು ಕೇಳಿದಳು. ಗ್ರೀಷ್ಮಾ ಅಳದಂಗಡಿಯ ಜೈನರ ಮನೆಯವಳು, ಇರುವೆಗೂ ದಾರಿ ಬಿಟ್ಟು ನಡೆಯುವವಳು. ಅವಳು ಖಂಡಿತ ತನ್ನ ಪರ ಎಂದು ಸಬೀಹಾ ನಂಬಿದ್ದಳು.

ಗ್ರೀಷ್ಮಾ ಚಹಾ ಕುಡಿದು ಮುಗಿಸಿದ ಮೇಲೆ ಬಾಯಿಬಿಟ್ಟಳು. ಬೆಕ್ಕಿಗೆ ಹಾಗೆ ಮಾಡುವುದು ತಪ್ಪೇ ಎಂದಳು. ತನ್ನ ಮನೆಯ ಚಪ್ಪಟೆ ಮೂಗಿನ ನಾಯಿಯನ್ನೂ ಮನುಷ್ಯರೇ ತಲೆಮಾರುಗಟ್ಟಲೆ ಆರಿಸಿ ಆರಿಸಿ ಹಾಗೆ ಮಾಡಿದ್ದು, ಪಾಪ, ಮಲಗಿದರೂ ಅದಕ್ಕೆ ಸರಿಯಾಗಿ ಉಸಿರು ಬರುವುದಿಲ್ಲ ಎಂದಳು. ಆಮೇಲೆ ಸಬೀಹಾಳ ಕಡೆ ತಿರುಗಿದಳು.

"ಆದರೆ ನೀನು ಹೇಳುವುದೇನು? ಅವನಿಗೆ ಉಸಿರು ಕಟ್ಟಿದರೂ ಪರವಾಗಿಲ್ಲ, ಬೆಕ್ಕು ಮಂಚದ ಮೇಲೆಯೇ ಇರಬೇಕು. ಅಲ್ವಾ? ಆ ಸೀನು ಬರುವಾಗ ಹೇಗಾಗ್ತದೆ ಅಂತ ಅವನನ್ನು ಒಂದು ಸಲ ಕೇಳಿದ್ದೀಯಾ?"

ಸಬೀಹಾಳಿಗೆ ಗ್ರೀಷ್ಮಾಳ ಮೇಲೂ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ತುಂಬಿದ ಬಸ್ಸಿನಲ್ಲಿ ಯಾರದೋ ಮೊಣಕೈ ತಿವಿಸಿಕೊಂಡು ನಿಂತಿದ್ದಾಗ, ತಾನು ಕೇಳಿಯೇ ಇಲ್ಲ ಎಂಬುದು ಅವಳಿಗೆ ಹೊಳೆಯಿತು.

ಸೋಮವಾರ ಸಂಜೆ ಅವಳೇ ಶಾರ್ಜಾಕ್ಕೆ ಫೋನ್ ಮಾಡಿದಳು. ಎತ್ತಿದ್ದು ಫಯಾಝ್‌ನ ರೂಮಿನಲ್ಲಿರುವ ನಿಝಾಮುದ್ದೀನ್. ಫಯಾಝ್ ಆಸ್ಪತ್ರೆಗೆ ಹೋಗಿದ್ದಾನೆ, ಸೋಮವಾರ ಯಾವಾಗಲೂ ಹೋಗುತ್ತಾನೆ ಎಂದ. ಏನಾಗಿದೆ ಎಂದು ಕೇಳಿದರೆ, ಅದನ್ನು ಹೇಳಬಾರದು ಅಂದಿದ್ದಾನೆ ಎಂದು ಫೋನ್ ಇಟ್ಟ. ಹೇಳಬಾರದು ಎನ್ನುವುದನ್ನು ಹೇಳುವವರಿಗೆ ಏನೆನ್ನಬೇಕು!

ಅಂದಿನಿಂದ ಸಬೀಹಾಳಿಗೆ ಅನ್ನ ಇಳಿಯಲಿಲ್ಲ. 'ಏನೋ ದೊಡ್ಡ ಕಾಯಿಲೆ... ನಾನು ಬೈದದ್ದನ್ನೇ ಮನಸ್ಸಿಗೆ ಹಚ್ಚಿಕೊಂಡನಾ?' ಮತ್ತೆ ಫೋನ್ ಮಾಡಿದಾಗ ಅವನು ಆಗಲೇ ಊರಿಗೆ ಹೊರಟಿದ್ದ.

ಆ ಭಾನುವಾರ ಬೆಳಿಗ್ಗೆ ಫಯಾಝ್ ಮೂಡುಬಿದಿರೆಯ ತನ್ನ ಮನೆಗೂ ಹೋಗದೆ ನೇರ ಬಂಟ್ವಾಳಕ್ಕೆ ಬಂದ. ಚಾವಡಿಗೆ ಹತ್ತಿದವನು ಬಂಗುಡೆ ಮಲಗಿದ್ದ ಸೋಫಾದ ಮೇಲೆಯೇ ಬೇಕೆಂದು ಕುಳಿತ. ಬೀಯಮ್ಮ ಇಬ್ಬರ ಮುಖವನ್ನೂ ನೋಡಿ, ಚಹಾ ಮಾಡುತ್ತೇನೆ ಎಂದು ಅಡುಗೆಮನೆಗೆ ಹೋದರು. ಅರ್ಧ ತೋಳಿನ ಅಂಗಿಯ ಕೆಳಗೆ ಅವನ ತೋಳು ಕೆಂಪಗೆ ಊದಿಕೊಂಡಿತ್ತು.

"ಏನು ಕಾಯಿಲೆ ನಿಮಗೆ?" ಸಬೀಹಾಳ ಧ್ವನಿ ಒಡೆಯಿತು.

"ಕಾಯಿಲೆ ಅಲ್ಲ. ಸೂಜಿ. ಸೋಮವಾರದ್ದನ್ನು ನಿನ್ನೆಯೇ ಚುಚ್ಚಿಸಿಕೊಂಡು ಹೊರಟೆ."

ಅವನು ನಿಧಾನವಾಗಿ ವಿವರಿಸಿದ. ಯಾವುದು ಮೈಗೆ ಆಗುವುದಿಲ್ಲವೋ ಅದನ್ನೇ ಚೂರುಚೂರು ಚುಚ್ಚಿ ಮೈಗೆ ರೂಢಿ ಮಾಡಿಸುತ್ತಾರೆ. ವಾರಕ್ಕೊಮ್ಮೆ ಹೋಗಬೇಕು, ವರ್ಷಗಟ್ಟಲೆ. ಪೂರ್ತಿ ಗುಣವಾಗುವ ಖಾತ್ರಿ ಇಲ್ಲ. ಒಮ್ಮೆ ಗಂಟಲು ಬಿಗಿದು ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಅಮೆರಿಕದ ಸರತಿಯಿಂದ ಹೆಸರು ತೆಗೆಸಿದ್ದಾನೆ.

"ಯಾರು ಹೇಳಿದರು ನಿಮಗೆ ಇದನ್ನೆಲ್ಲ ಮಾಡಲು?"

"ಯಾರೂ ಹೇಳಲಿಲ್ಲ. ನೀನು ಫೋನ್ ಇಟ್ಟ ಮೇಲೆ ತುಂಬ ಯೋಚನೆ ಮಾಡಿದೆ. ಬೆಕ್ಕನ್ನು ಕೇಳುವ ಹಾಗಿಲ್ಲ. ಅದಕ್ಕೆ ಬೇಡ ಅನ್ನಲೂ ಬರುವುದಿಲ್ಲ. ನನ್ನನ್ನು ಡಾಕ್ಟರ್ ಕೇಳಿದರು, ನಾನು ಹೌದು ಅಂದೆ. ಬದಲಾಗುವುದಾದರೆ ಕೇಳಿಸಿಕೊಂಡವನು ಬದಲಾಗಬೇಕು, ಅಲ್ವಾ?"

ಸಬೀಹಾಳ ಕಣ್ಣು ತುಂಬಿತು. ಸಿಟ್ಟೂ ಅಷ್ಟೇ ಬಂತು.

"ನನಗೆ ಬೇಕಾದದ್ದು ಬೆಕ್ಕಿಗೆ ನ್ಯಾಯ. ನಿಮ್ಮ ಪ್ರಾಣ ಅಲ್ಲ. ಗಂಟಲು ಬಿಗಿದು ಏನಾದರೂ ಆಗಿದ್ದರೆ ನಾನು ಯಾರಿಗೆ ಹೇಳುವುದಿತ್ತು?" ಎಂದವಳೇ ಅವನನ್ನು ಸೋಫಾದಿಂದ ಎಬ್ಬಿಸಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ತಲೆ ತಗ್ಗಿಸಿ, ತಾನು ಮಾಡಿದ್ದನ್ನೂ ಹೇಳಿದಳು. ಬಂಗುಡೆಗೆ ಹಿಂದಿನ ಜಗಲಿಯಲ್ಲಿ ಬಲೆ ಕಟ್ಟಿಸಿ ಜಾಗ ಮಾಡಲು ಮರಗೆಲಸದ ಆಚಾರಿಗೆ ಹೇಳಿ ಆಗಿತ್ತು. ಅವನಿಗೆಂದು ಇಟ್ಟ ಕೋಣೆಯ ಹಾಸಿಗೆ ಬದಲಿಸಿ, ಗೋಡೆಗೆ ಸುಣ್ಣ ಬಳಿಸಿ, ಬಾಗಿಲು ಹಾಕಿ ಇಟ್ಟಿದ್ದಳು. ಆ ಬಾಗಿಲಿನ ಹೊರಗೆ ಬಂಗುಡೆ ಕೂಗಿದಾಗ ತಾನೂ ಅತ್ತಿದ್ದನ್ನು ಮಾತ್ರ ಹೇಳಲಿಲ್ಲ.

ಅವನು ಅಲ್ಲಿ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ, ಇವಳು ಇಲ್ಲಿ ಸುಣ್ಣ ಬಳಿಸುತ್ತಿದ್ದಳು. ಒಬ್ಬರಿಗೊಬ್ಬರು ಒಂದು ಮಾತು ಹೇಳಿದ್ದರೆ ಏನು ನಷ್ಟವಾಗುತ್ತಿತ್ತು? ಇಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಬೇಕು!

"ಇನ್ನು ಮುಂದೆ," ಎಂದಳು ಸಬೀಹಾ ಕಣ್ಣೊರೆಸಿಕೊಂಡು, "ನನ್ನ ವಿಷಯ ಆಗಲಿ, ನಿಮ್ಮ ವಿಷಯ ಆಗಲಿ, ಮೊದಲು ನನ್ನ ಹತ್ತಿರ ಕೇಳಬೇಕು. ನಾನೂ ಕೇಳ್ತೇನೆ."

ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತ್ತು. ಬೀಯಮ್ಮ ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿರಬೇಕು.

"ಹಾಗಾದರೆ ಒಂದು ಕೇಳಲು ಬಾಕಿ ಉಂಟು," ಎಂದ ಅವನು. "ನಿನ್ನ ತಂದೆಯನ್ನು ಕೇಳಿದೆವು. ಅಜ್ಜಿಯನ್ನು ಕೇಳಿದೆವು. ನಿನ್ನನ್ನು ನಾನು ಕೇಳಲೇ ಇಲ್ಲ. ಸಬೀಹಾ, ನಾನು ನಿನಗೆ ಆಗಬಹುದಾ?"

ಅವಳು ಕನ್ನಡಕ ತೆಗೆದು ಒರೆಸತೊಡಗಿದಳು. ಅವನು ಅವಸರ ಮಾಡಲಿಲ್ಲ, ಅವಳ ಪರವಾಗಿ ತಾನೇ ಉತ್ತರ ಹೇಳಲೂ ಹೋಗಲಿಲ್ಲ. ಅವಳ ಮುಖ ನೋಡುತ್ತ ಕಾದ.

"ಬೇಡ ಅಂದರೆ?" ಎಂದಳು ಕೊನೆಗೆ.

"ಎದ್ದು ಹೋಗ್ತೇನೆ. ಬೇಸರ ಆಗ್ತದೆ. ಆದರೆ ಹೋಗ್ತೇನೆ."

ಸಬೀಹಾ ಅವನ ಊದಿದ ತೋಳಿನ ಮೇಲೆ ಮೆಲ್ಲ ಕೈಯಿಟ್ಟಳು.

"ಹೋಗುವುದು ಬೇಡ. ನನಗೆ ನೀವೇ ಆಗಬೇಕು."